ನಾಲ್ಕು ಗೆರೆಯ ಗುರುತು

ಬಿಸಿಯಾದ ಉಣ್ಣೆಯ ವಾಸನೆ, ಅದರ ಜೊತೆಗೆ ಕಾದ ಧೂಳಿನದು. ಮೇಜಿನ ಮೇಲಿಟ್ಟ ಹೆಣಿಗೆಯ ಚೀಲದ ಬಾಯಿ ಬಿಚ್ಚಿದ ಕೂಡಲೇ ಅದು ಇಸ್ಕ್ರಾಳ ಮುಖಕ್ಕೆ ಬಡಿಯಿತು. ಒಂದು ಕ್ಷಣ ಆಕೆ ಅಪ್ಪನ ರೇಡಿಯೊ ಮುಂದೆ ನೆಲದ ಮೇಲೆ ಕೂತ ಹುಡುಗಿಯಾದಳು. ಆ ರೇಡಿಯೊಗೆ ಅಮ್ಮ ಉಣ್ಣೆಯ ಹೊದಿಕೆ ಹೆಣೆದು ಹಾಕಿದ್ದಳು. ಸಂಜೆ ಸ್ವಲ್ಪ ಹೊತ್ತು ಹಾಡಿದರೆ ಸಾಕು, ಒಳಗಿನ ಗಾಜಿನ ಬುರುಡೆಗಳು ಕಾದು ಹೊದಿಕೆಯಿಂದ ಇದೇ ವಾಸನೆ ಏಳುತ್ತಿತ್ತು. ಅದಕ್ಕೆ ಸೆಕೆಯಾಗುತ್ತದೆ ಎಂದು ಅಪ್ಪ ಹೊದಿಕೆ ತೆಗೆಯುವುದು, ಬೋಳಾಗಿ ಕಾಣುತ್ತದೆ ಎಂದು ಅಮ್ಮ ಮತ್ತೆ ಹೊದಿಸುವುದು. ಇಬ್ಬರೂ ಹೋಗಿ ಎಷ್ಟೋ ವರ್ಷವಾಗಿತ್ತು.

"ಹುಷಾರು ಟೀಚರಮ್ಮ, ಸುಡುತ್ತೆ" ಎಂದರು ಎದುರಿಗೆ ನಿಂತಿದ್ದ ವೆಲ್ಕೊ. "ಮುಚ್ಚಿದ್ರೂ ಮಲಗಲ್ಲ ಇದು. ಚೀಲದೊಳಗೇ ಎಚ್ಚರವಾಗಿ ಕೂತಿರುತ್ತೆ. ಬೆಳಗಾಗೋದ್ರೊಳಗೆ ಚಾರ್ಜ್ ಪೂರ್ತಿ ಖಾಲಿ."

ಚೀಲದೊಳಗೆ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಡ್ಯಾನ್ಯೂಬ್ ದಂಡೆಯ ಲೋಮ್ ಊರಿನ ವಾಚನಾಲಯದ ಕೆಳಕೋಣೆಯಲ್ಲಿ ಗುರುವಾರ ಮಧ್ಯಾಹ್ನ ಇಸ್ಕ್ರಾ ಇಂಥವನ್ನು ನೋಡುತ್ತಿದ್ದಳು. ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಹಿಡಿದ ಕೆಲಸ ಅದು. ಅಂಗಡಿಯವರು ಇದರ ಆಯಸ್ಸು ಮುಗಿಯಿತು ಎಂದು ಕೈಬಿಟ್ಟ ಯಂತ್ರಗಳಿಗೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ ಇನ್ನಷ್ಟು ಕಾಲ ಉಸಿರಾಡುವಂತೆ ಮಾಡುತ್ತಿದ್ದಳು. ಅದೇ ಹೊತ್ತಿಗೆ ಮಹಡಿಯ ಮೇಲೆ ಕುಣಿತದ ತಾಲೀಮು. ಎಲ್ಲರೂ ಕೈಕೈ ಹಿಡಿದು ಒಟ್ಟಿಗೆ ಕಾಲು ಬಡಿದಾಗ ಚಾವಣಿಯ ಸುಣ್ಣ ಕೀಲಿಮಣೆಗಳ ಮೇಲೆ ಉದುರುತ್ತಿತ್ತು. ಆಕೆ ಒಂದು ಹಳೆಯ ಬ್ರಷ್ಷನ್ನು ಅದಕ್ಕೆಂದೇ ಇಟ್ಟುಕೊಂಡಿದ್ದಳು.

ವೆಲ್ಕೊ ಡ್ಯಾನ್ಯೂಬ್ ನದಿಯಲ್ಲಿ ಸರಕು ದೋಣಿಗಳಿಗೆ ದಾರಿ ತೋರಿಸುತ್ತಿದ್ದವರು. ಯಾವ ತಿಂಗಳಲ್ಲಿ ಮರಳುದಿಣ್ಣೆ ಎಲ್ಲಿಗೆ ಸರಿಯುತ್ತದೆ ಎಂದು ಬಲ್ಲವರು. ಲ್ಯಾಪ್‌ಟಾಪ್ ಅವರದಲ್ಲ, ಹೆಂಡತಿ ಪಾವ್ಲಿನಾಳದು. ಜಿಲ್ಲೆಯ ವಾರಪತ್ರಿಕೆಗೆ ಆಕೆ ಪದಬಂಧ ಮಾಡಿಕೊಡುತ್ತಿದ್ದಳು. ಊರಿನವರೆಲ್ಲ ಶನಿವಾರ ಕಾಫಿಯ ಜೊತೆ ಅದನ್ನು ಬಿಡಿಸಿ, ಬಿಡಿಸಲಾಗದಿದ್ದರೆ ಪಾವ್ಲಿನಾಳನ್ನು ಬಾಯ್ತುಂಬ ಬಯ್ಯುತ್ತಿದ್ದರು. ಈಸ್ಟರ್ ಹಬ್ಬಕ್ಕೆ ಮುಂಚೆ ಆಕೆ ತೀರಿಕೊಂಡಿದ್ದಳು.

"ಪರದೆ ಮೇಲೇನೂ ಕಾಣಲ್ಲ, ಕಪ್ಪು. ಅದು ಹೋದ ಚಳಿಗಾಲದಿಂದಲೇ ಹಾಗೆ" ಎಂದರು ವೆಲ್ಕೊ. "ನಾನು ಟಾರ್ಚ್ ಹಿಡೀತಿದ್ದೆ, ಅವಳು ಮಾಡ್ಕೊಳ್ತಿದ್ಲು. ಅದಕ್ಕೇನೂ ತೊಂದ್ರೆ ಇಲ್ಲ. ಬಿಸಿ ಆಗೋದೊಂದು ನೋಡಿ, ಸಾಕು."

ಇಸ್ಕ್ರಾ ಆ ಮಾತಿನಲ್ಲಿ 'ಹೋದ ಚಳಿಗಾಲದಿಂದ' ಎಂಬುದನ್ನಷ್ಟೇ ಹಿಡಿದುಕೊಂಡಳು. ಹೋದ ಚಳಿಗಾಲದಲ್ಲಿ ಲಿನಕ್ಸಿನ ಹೊಸ ಆವೃತ್ತಿ ಬಂದಿತ್ತು. ಈ ಬಗೆಯ ಯಂತ್ರಗಳಲ್ಲಿ ಪರದೆಯ ಹಿಂದಿನ ದೀಪ ಆಗಿನಿಂದ ಹೊತ್ತಿಕೊಳ್ಳದೆ ಹಲವರು ಗೋಳಾಡಿದ್ದರು. ಹಾಗಾದರೆ ಇದು ಅದೇ. ಮಾತಿನ ಉಳಿದ ಭಾಗ ಕಿವಿಯ ಮೇಲೆ ಬಿತ್ತು, ಒಳಗೆ ಇಳಿಯಲಿಲ್ಲ. ಯಂತ್ರ ನೋಡುವವರಿಗೆ ಇದೊಂದು ಚಾಳಿ. ಬಂದವರು ಏನೇ ಹೇಳಲಿ, ಅದರಲ್ಲಿ ರೋಗ ಯಾವಾಗ ಶುರುವಾಯಿತು ಎಂಬುದನ್ನು ಹೆಕ್ಕಿಕೊಂಡು ಉಳಿದದ್ದನ್ನು ಹೊಟ್ಟಿನ ಹಾಗೆ ತೂರಿಬಿಡುತ್ತಾರೆ.

ಆಕೆ ಮುಚ್ಚಳ ಎತ್ತಿ ಗುಂಡಿ ಒತ್ತಿದಳು. ಒಳಗೆ ಪಂಖ ತಿರುಗಿತು, ಪರದೆ ಕಪ್ಪಾಗಿಯೇ ಇತ್ತು. ಏನಾದರೂ ಕೇಳುವ ಮೊದಲೇ ವೆಲ್ಕೊ ಕೋಟಿನ ಜೇಬಿನಿಂದ ಉದ್ದನೆಯ ಲೋಹದ ಟಾರ್ಚ್ ತೆಗೆದು, ಆಕೆಯ ಬಲಭುಜದ ಹಿಂದೆ ಬಂದು ನಿಂತು, ಬೆಳಕನ್ನು ಪರದೆಗೆ ನೇರ ಬಿಡದೆ ಓರೆಯಾಗಿ ಹಿಡಿದರು. ತಿಳಿನೀರಿನ ತಳದ ಕಲ್ಲುಗಳ ಹಾಗೆ ಅಕ್ಷರಗಳು ಮೇಲೆದ್ದವು. ಮಸುಕಾಗಿ, ಆದರೆ ಪೂರ್ತಿಯಾಗಿ. ಕಪ್ಪು ಬಿಳಿ ಚೌಕಗಳ ಒಂದು ಪದಬಂಧ ಕಂಡಿತು. ಅರ್ಧ ತುಂಬಿತ್ತು, ಅರ್ಧ ಖಾಲಿ.

"ಇನ್ನೂ ಸ್ವಲ್ಪ ಎಡಕ್ಕಾ?" ಎಂದು ಕೇಳಿದರು.

ಬೇಕಾಗಿರಲಿಲ್ಲ. ಅವರ ಕೈಗೆ ಎಲ್ಲಿ ನಿಲ್ಲಬೇಕೆಂದು ಗೊತ್ತಿತ್ತು. ಇಸ್ಕ್ರಾಳ ಕಣ್ಣು ಪರದೆಯ ಮೇಲೆ ಸರಿದ ಹಾಗೆ ಬೆಳಕೂ ಸರಿಯುತ್ತಿತ್ತು, ಆಕೆಯ ಕೈ ನೆರಳು ಅಡ್ಡ ಬಂದರೆ ತಾನಾಗಿ ಮೇಲೇರುತ್ತಿತ್ತು. ಮುಚ್ಚಿದರೆ ಮಲಗುವಂತೆ ಮಾಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೇಳಿದ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಲೆಕ್ಕ ಕೇಳಲು ಬಂದ ಹುಡುಗರ ಕೈಬರಹವನ್ನೂ ತಿದ್ದಿ ಕಳಿಸುತ್ತಿದ್ದ ಟೀಚರು ಅವಳು. ಹಿಂದಿನ ದೀಪವನ್ನು ಹೊತ್ತಿಸುವ ಆದೇಶದ ಒಂದು ಸಾಲನ್ನೂ ಹುಡುಕಿ, ಯಂತ್ರ ಏಳುವಾಗ ಓದುವ ಕಡತಕ್ಕೆ ಸೇರಿಸಿ, ಬರೆದು ಮುಗಿಯುವವರೆಗೆ ಅದರ ಮುಂದೊಂದು ಗುರುತು ಹಾಕಿ ತಡೆದಿಟ್ಟು, ಆಮೇಲೆ ಗುರುತು ತೆಗೆದು ಯಂತ್ರವನ್ನು ಮತ್ತೆ ಶುರುಮಾಡಿದಳು. ಪರದೆ ಬೆಳ್ಳಗೆ ಬೆಳಗಿತು.

ವೆಲ್ಕೊ ಕಣ್ಣು ಕಿರಿದು ಮಾಡಿದರು. ಟಾರ್ಚ್ ಇನ್ನೂ ಉರಿಯುತ್ತಿತ್ತು; ಆ ಬೆಳಕಿನ ಮುಂದೆ ಅದು ಉರಿಯುತ್ತಿದೆಯೆಂದು ಕಾಣುತ್ತಲೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಆರಿಸಿದರು.

"ಚೆನ್ನಾಗಿದೆ" ಎಂದರು. "ತುಂಬ ಉಪಕಾರ ಆಯ್ತು."

ಮುಂದಿನ ಗುರುವಾರ ಅವರು ಮತ್ತೆ ಬಂದರು. ಯಂತ್ರ ತಣ್ಣಗಿತ್ತು, ಸರಿಯಾಗಿ ಮಲಗುತ್ತಿತ್ತು. ಪರದೆ ಮಾತ್ರ ಮತ್ತೆ ಕಪ್ಪು. ವೆಲ್ಕೊ ಟಾರ್ಚ್ ತೆಗೆದು ಭುಜದ ಹಿಂದೆ ನಿಂತರು. ಇಸ್ಕ್ರಾ ಓರೆ ಬೆಳಕಿನಲ್ಲಿ ಆ ಕಡತ ತೆರೆದು ನೋಡಿದರೆ, ತಾನು ಬರೆದ ಸಾಲು ಅಲ್ಲೇ ಇತ್ತು, ಆದರೆ ಅದರ ಮುಂದೆ ಎರಡು ಅಡ್ಡ ಗೆರೆ ಎರಡು ಉದ್ದ ಗೆರೆಯ ಗುರುತೊಂದು ಬಂದು ಕೂತಿತ್ತು. ಈ ಗುರುತು ಎಂಥದು ಎಂದು ವೆಲ್ಕೊ ಕೇಳಿದರು. ಅದು ಮುಂದಿದ್ದರೆ ಆ ಸಾಲನ್ನು ಯಂತ್ರ ಓದುವುದಿಲ್ಲ, ದಾಟಿಕೊಂಡು ಹೋಗುತ್ತದೆ, ಎಂದು ಆಕೆ ವಿವರಿಸಿದಳು. ಅಳಿಸಿದಂತೆ ಅಲ್ಲ. ಯಾವತ್ತು ಬೇಕಾದರೂ ಗುರುತು ತೆಗೆದರೆ ಸಾಲಿಗೆ ಮತ್ತೆ ಜೀವ ಬರುತ್ತದೆ.

"ಅಂದ್ರೆ ಇದ್ದೂ ಇಲ್ಲದ ಹಾಗೆ" ಎಂದರು ವೆಲ್ಕೊ.

"ಹೂಂ. ಹಾಗೇ ಅನ್ನಿ."

ಯಾವುದೋ ಅಪ್‌ಡೇಟ್ ಮಾಡಿದ ಕಿತಾಪತಿ ಇರಬೇಕೆಂದು ಆಕೆ ಗುರುತು ಅಳಿಸಿ ಕಳಿಸಿದಳು. ಮುಂದಿನ ವಾರ ಅದು ಮತ್ತೆ ಅಲ್ಲಿತ್ತು. ಅದರ ಮುಂದಿನ ವಾರವೂ.

ಹೀಗೆ ಬೇಸಿಗೆ ಕಳೆದು ಶರತ್ಕಾಲ ಬಂತು. ವೆಲ್ಕೊ ಬರಿಗೈಯಲ್ಲಿ ಬರುತ್ತಿರಲಿಲ್ಲ. ಒಮ್ಮೆ ಹೊಸ ಅಕ್ರೋಟ್ ತಂದರು, ಹಸಿ ಸಿಪ್ಪೆ ಸುಲಿದು ಬೆರಳುಗಳೆಲ್ಲ ಕಪ್ಪಾಗಿದ್ದವು. ಇಸ್ಕ್ರಾ ಸಂಕೋಚದಿಂದ, ತನಗೆ ಅಕ್ರೋಟ್ ಆಗುವುದಿಲ್ಲ, ತಿಂದರೆ ನಾಲಗೆ ತುರಿಸಿ ಗಂಟಲು ಊದಿಕೊಳ್ಳುತ್ತದೆ ಎಂದಳು. ಅವರು ಪೊಟ್ಟಣವನ್ನು ವಾಪಸು ಜೇಬಿಗೆ ಹಾಕಿಕೊಂಡು, ಮೇಜಿನ ಮೇಲೆ ಚೆಲ್ಲಿದ್ದ ಚೂರುಗಳನ್ನೂ ಒರೆಸಿ, ಹೊರಗೆ ಹೋಗಿ ಕೈ ತೊಳೆದುಕೊಂಡು ಬಂದು ಟಾರ್ಚ್ ಹಿಡಿದರು. ಮರುವಾರದಿಂದ ದ್ರಾಕ್ಷಿ ತಂದರು.

ಯಂತ್ರ ಮತ್ತೆ ಶುರುವಾಗುವವರೆಗೆ ಕಾಯುವಾಗ ಪಾವ್ಲಿನಾಳ ಪದಬಂಧದ ಸುಳಿವುಗಳನ್ನು ಕೇಳುತ್ತಿದ್ದರು. ಅವೆಲ್ಲ ಅವರಿಗೆ ಬಾಯಿಪಾಠ.

"ನೀರಿಗೆ ಬಿದ್ರೂ ನೆನೆಯಲ್ಲ. ಮೂರಕ್ಷರ."

"ದೋಣಿ" ಎಂದಳು ಇಸ್ಕ್ರಾ, ಪರದೆಯಿಂದ ಕಣ್ಣೆತ್ತದೆ.

"ಮೂರಕ್ಷರ ಅಂದೆ ಟೀಚರಮ್ಮ. ಅಲ್ದೆ ದೋಣಿ ನೆನೆಯಲ್ಲ ಅಂತ ನನ್ನ ಹತ್ರ ಹೇಳ್ಬೇಡಿ."

ನೆಲ ಒರೆಸುತ್ತಿದ್ದ ತೊತ್ಕಾ ಕೋಲಿನ ಮೇಲೆ ಗಲ್ಲ ಊರಿ ನಿಂತಳು. ವಾಚನಾಲಯದ ಕಸ ಗುಡಿಸಿ, ಒಲೆಗೆ ಕಟ್ಟಿಗೆ ಹಾಕಿ, ಪುಸ್ತಕಗಳ ಧೂಳು ಹೊಡೆಯುವವಳು ಅವಳು. ಯಾರ ಮಾತಿನಲ್ಲೂ ಅವಳ ಪಾಲು ಇರುತ್ತಿತ್ತು. "ನೆರಳು" ಎಂದಳು. "ಇಷ್ಟು ಓದಿದೋರು, ಇಷ್ಟೂ ಗೊತ್ತಾಗಲ್ವಾ? ಇನ್ನು ಆ ಡಬ್ಬಿ ಹೇಗೆ ರಿಪೇರಿ ಆಗುತ್ತೆ."

"ಅವಳೂ ನೆರಳು ಅಂತಲೇ ಬರೆದಿದ್ಲು" ಎಂದು ವೆಲ್ಕೊ ನಕ್ಕರು. ಟಾರ್ಚ್ ಬೆಳಕು ಅಲುಗಾಡಿ ಮತ್ತೆ ತನ್ನ ಜಾಗಕ್ಕೆ ಬಂತು.

ತೊತ್ಕಾಳ ಚುಚ್ಚುಮಾತು ಇಸ್ಕ್ರಾಳನ್ನು ತಾಗದೆ ಇರಲಿಲ್ಲ. ಆ ಗುರುತು ಎಲ್ಲಿಂದ ಬರುತ್ತಿದೆ ಎಂಬುದು ಆಕೆಗೆ ಹಲ್ಲಿನ ಸಂದಿಯ ನಾರಾಗಿಬಿಟ್ಟಿತ್ತು. ಲಿನಕ್ಸ್ ಬಳಸುವವರು ಸೇರುವ ಫೋರಂನಲ್ಲಿ ಪ್ರಶ್ನೆ ಹಾಕಿದಳು. ಪ್ಲೊವ್ದಿವ್ ಊರಿನ ಒಬ್ಬ, ಯಂತ್ರಕ್ಕೆ ದೆವ್ವ ಹಿಡಿದಿದೆ, ಪಾದ್ರಿಯನ್ನು ಕರೆಸಿ ಎಂದ. ಇನ್ನೊಬ್ಬ ಉದ್ದುದ್ದ ವಿವರ ಕೇಳಿ ಕಾಣೆಯಾದ. ಮೂರನೆಯವನು ಒಂದೇ ಸಾಲು ಬರೆದ: ಯಂತ್ರ ತಾನಾಗಿ ಆ ಗುರುತು ಹಾಕಿಕೊಳ್ಳುವುದಿಲ್ಲ, ಕುರ್ಚಿಯಲ್ಲಿ ಕೂರುವವರನ್ನು ಕೇಳಿ ನೋಡಿ.

ಇಸ್ಕ್ರಾಳಿಗೆ ಸಿಟ್ಟು ಬಂತು. ತನಗಾಗಿ ಅಲ್ಲ, ವೆಲ್ಕೊಗಾಗಿ. ಬಳಸುವವರನ್ನೆಲ್ಲ ಪೆದ್ದರೆಂದು ತಿಳಿಯುವ ಈ ಹುಡುಗರ ಸೊಕ್ಕು ಆಕೆಗೆ ಹಳೆಯ ಪರಿಚಯ. ನಾವಿಕರಾಗಿದ್ದ ಆ ಹಿರಿಯರು ಒಂದೊಂದೇ ಬೆರಳಿನಲ್ಲಿ ಹೆಂಡತಿಯ ಗುಪ್ತಪದ ಒತ್ತುತ್ತಾರೆ, ಅವರಿಗೆ ಆ ಕಡತದ ದಾರಿ ಎಲ್ಲಿ ಗೊತ್ತು? ವಾರ ವಾರ ತನ್ನ ಭುಜದ ಹಿಂದೆ ನಿಂತು ತನ್ನ ಬೆರಳುಗಳನ್ನೇ ನೋಡುತ್ತಿದ್ದವರು ಯಾರೆಂಬುದು ಆಕೆಗೆ ಹೊಳೆಯಲಿಲ್ಲ. ಅವರ ಪರವಾಗಿ ಖಾರವಾದ ಉತ್ತರ ಬರೆದಳು. ಅವರನ್ನು ಮಾತ್ರ ಕೇಳಲಿಲ್ಲ.

ಬದಲಿಗೆ ಪ್ರೋಗ್ರಾಂ ರೂಪದ ಒಂದು ಪುಟ್ಟ ಕಾವಲುಗಾರನನ್ನು ಬರೆದಳು. ಯಂತ್ರ ಏಳುವಾಗಲೆಲ್ಲ ಅದು ಹೋಗಿ ಆ ಸಾಲನ್ನು ನೋಡಬೇಕು, ಮುಂದೆ ಗುರುತು ಕೂತಿದ್ದರೆ ಅಳಿಸಬೇಕು, ದೀಪ ಹೊತ್ತಿಸಬೇಕು. ಹತ್ತು ಸಾಲಿನ ಕೆಲಸ, ಆದರೆ ಚೊಕ್ಕವಾಗಿತ್ತು. ಬರೆದ ಮೇಲೆ ಆಕೆ ಎದ್ದು ತನಗೊಂದು ಕಾಫಿ ಮಾಡಿಕೊಂಡು, ಕಿಟಕಿಯ ಬಳಿ ನಿಂತು ಕುಡಿದಳು.

ಗುರುವಾರ ವೆಲ್ಕೊ ಟಾರ್ಚ್ ಹಿಡಿದು ನಿಂತಾಗ ಕಾವಲುಗಾರನನ್ನು ಯಂತ್ರದೊಳಗೆ ಕೂರಿಸಿದಳು. ಆಮೇಲೆ, ತರಗತಿಯಲ್ಲಿ ಪ್ರಯೋಗ ಮಾಡಿ ತೋರಿಸುವಂತೆ, ತಾನೇ ಬೇಕೆಂದು ಆ ಸಾಲಿನ ಮುಂದೆ ಗುರುತು ಹಾಕಿದಳು. ಯಂತ್ರ ಆರಿಸಿ ಶುರುಮಾಡಿದಳು. ಪರದೆ ಬೆಳಗಿತು. ಇನ್ನೊಮ್ಮೆ ಮಾಡಿದಳು. ಮತ್ತೆ ಬೆಳಗಿತು.

"ನೋಡಿದ್ರಾ ವೆಲ್ಕೊ ಅಣ್ಣ? ಇನ್ನು ಯಾರೇನು ಮಾಡಿದ್ರೂ ಕಪ್ಪಾಗಲ್ಲ. ಅಷ್ಟು ದೂರದಿಂದ ನೀವು ಬರೋದೂ ತಪ್ಪಿತು."

ಮಹಡಿಯ ಮೇಲೆ ಕುಣಿತ ನಿಂತು ಯಾರೋ ಹೆಜ್ಜೆ ತಪ್ಪಿದವರನ್ನು ಕಂಡು ಎಲ್ಲರೂ ಸೇರಿ ನಗುತ್ತಿದ್ದರು.

"ಹಾಗಾದ್ರೆ ಗುಣ ಆಯ್ತು ಅನ್ನಿ" ಎಂದರು ವೆಲ್ಕೊ.

"ಪೂರ್ತಿ ಗುಣ."

ಅವರು ಟಾರ್ಚ್ ಆರಿಸಿ, ಅದರ ಗಾಜನ್ನು ಕೋಟಿನ ತೋಳಿಗೆ ಒರೆಸಿ, ಜೇಬಿಗಿಳಿಸಿದರು. ದ್ರಾಕ್ಷಿಯ ಗೊಂಚಲನ್ನು ಮೇಜಿನ ಮೇಲಿಟ್ಟು ಹೋದರು.

ಮರುವಾರ ಅವರು ಬರಲಿಲ್ಲ. ಬರದಿದ್ದದ್ದು ತನ್ನ ಕೆಲಸ ಗೆದ್ದ ಗುರುತು ಎಂದು ಇಸ್ಕ್ರಾ ಸಂತೋಷಪಟ್ಟಳು. ಆದರೂ ಬಾಗಿಲು ಸದ್ದಾದಾಗಲೆಲ್ಲ ತಲೆ ಎತ್ತಿದಳು. ಬೇರೆಯವರ ಯಂತ್ರ ನೋಡುವಾಗ ಬಲಭುಜದ ಹಿಂದೆ ಏನೋ ಕಡಿಮೆಯಾದಂತೆ, ಅಲ್ಲಿಂದ ಗಾಳಿ ಬೀಸುತ್ತಿರುವಂತೆ ಅನಿಸಿ ಶಾಲು ಹೊದ್ದುಕೊಂಡಳು.

ಅದಾದ ಮೇಲಿನ ಗುರುವಾರ ಅವರು ಬಂದರು. ಲ್ಯಾಪ್‌ಟಾಪ್ ಕಂಕುಳಲ್ಲಿತ್ತು, ಹೆಣಿಗೆಯ ಚೀಲ ಇರಲಿಲ್ಲ. ಅದನ್ನು ಮೇಜಿನ ಮೇಲಿಟ್ಟು, ಯಾರಿಗಾದರೂ ಬೇಕಾದವರಿಗೆ ಕೊಡಿ ಎಂದರು. ಇಸ್ಕ್ರಾ ಮತ್ತೆ ಏನಾದರೂ ಕೆಟ್ಟಿತೇ ಎಂದು ಗಾಬರಿಯಾದಳು.

"ಇಲ್ಲಮ್ಮ. ತಾನೇ ಮಲಗುತ್ತೆ, ತಾನೇ ಏಳುತ್ತೆ. ನಾನು ಮಾಡೋದೇನಿದೆ ಅದರಲ್ಲಿ?"

ಒಳಗೆ ಉಳಿಸಿಕೊಳ್ಳಬೇಕಾದದ್ದು ಏನಾದರೂ ಇದೆಯೇ ಎಂದು ಆಕೆ ಕೇಳಿದಳು. ಎಲ್ಲರನ್ನೂ ಕೇಳುವ ಪ್ರಶ್ನೆ ಅದು, ಎಲ್ಲರನ್ನೂ ಕೇಳುವ ದನಿಯಲ್ಲೇ ಕೇಳಿದಳು. ಅವರು ಕೈಯಲ್ಲಿದ್ದ ಟೋಪಿಯ ಅಂಚನ್ನು ತಿರುವುತ್ತ, ಏನೂ ಇಲ್ಲ ಎಂದರು. ಆ ಅರ್ಧ ತುಂಬಿದ ಪದಬಂಧ ಆಕೆಯ ಕಣ್ಣ ಮುಂದೆ ಸುಳಿದದ್ದು ನಿಜ. ಆದರೆ ಅವರೇ ಏನೂ ಇಲ್ಲ ಎಂದಿದ್ದರಲ್ಲ.

ಅವರು ಹೋದ ಮೇಲೆ ಆಕೆ ಯಂತ್ರದ ಒಳಗಿದ್ದದ್ದನ್ನೆಲ್ಲ ಒರೆಸಲು ಹಚ್ಚಿದಳು. ಬರೀ ಅಳಿಸುವುದು ಆಕೆಯ ಕ್ರಮವಾಗಿರಲಿಲ್ಲ. ಒಬ್ಬರ ಮನೆಯ ಮಾತು ಇನ್ನೊಬ್ಬರಿಗೆ ಸಿಗಬಾರದೆಂದು, ಅಳಿಸಿದ ಜಾಗದ ಮೇಲೆಲ್ಲ ಅರ್ಥವಿಲ್ಲದ ಅಂಕಿಗಳನ್ನು ತುಂಬಿಸುತ್ತಿದ್ದಳು. ಯಾವ ಜಾಣನೂ ಅದನ್ನು ಮತ್ತೆ ಮೇಲೆತ್ತಲಾರ. ಊರಿನವರು ತಮ್ಮ ಯಂತ್ರಗಳನ್ನು ನಂಬಿ ಕೊಡುತ್ತಿದ್ದುದೇ ಇದಕ್ಕಾಗಿ. ಮರುದಿನ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಬಂದು, ಖುಷಿಯಿಂದ ಅದನ್ನು ಎದೆಗೊತ್ತಿಕೊಂಡು ಹೋದಳು.

ತೊತ್ಕಾ ಆ ಮಾತು ಎತ್ತಿದ್ದು ಮುಂದಿನ ಬುಧವಾರ. ಇಸ್ಕ್ರಾ ಒಂದು ಪುಸ್ತಕ ವಾಪಸು ಮಾಡಲು ಓದುವ ಕೋಣೆಗೆ ಬಂದಿದ್ದಳು. ತೊತ್ಕಾ ಒಲೆಯ ಬೂದಿ ಬಳಿಯುತ್ತ, ವೆಲ್ಕೊ ಏಕೆ ಈಗ ಬುಧವಾರ ಬರುವುದಿಲ್ಲ ಎಂದು ಕೇಳಿದಳು.

"ಗುರುವಾರ ಅಲ್ವಾ ಅವರು ಬರ್ತಿದ್ದದ್ದು?"

"ಗುರುವಾರ ನಿಮ್ಮ ಹತ್ರ. ಬುಧವಾರ ಇಲ್ಲಿ, ಈ ಒಲೆ ಪಕ್ಕ" ಎಂದಳು ತೊತ್ಕಾ. "ಡಬ್ಬಿ ತಕ್ಕೊಂಡು ಬಂದು ಕೂತ್ಕೊಳ್ಳೋರು. ಮೊದಲನೇ ಸಲ ನನ್ನನ್ನ ಕರೆದು, ಈ ನಾಲ್ಕು ಗೆರೆಯ ಗುರುತು ಎಲ್ಲಿದೆ ಹುಡುಕಿಕೊಡು ತಾಯಿ, ನಂಗೆ ಕಾಣ್ತಾ ಇಲ್ಲ ಅಂದ್ರು. ನಮ್ಮ ಅಕ್ಷರದ ಕೀಲಿಯಲ್ಲಿ ಅದು ಎಲ್ಲಿರುತ್ತೆ? ಲ್ಯಾಟಿನ್ ಅಕ್ಷರಕ್ಕೆ ತಿರುಗಿಸ್ಕೋಬೇಕು. ನಾನೇ ತೋರಿಸ್ಕೊಟ್ಟೆ."

ಇಸ್ಕ್ರಾ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

"ನನಗ್ಯಾಕೆ ಹೇಳ್ಲಿಲ್ಲ ತೊತ್ಕಾ?"

"ನೀವೇ ಹೇಳಿಕೊಟ್ಟ ಪಾಠ ಅಂದ್ಕೊಂಡೆ. ವಾರವಾರ ಅಷ್ಟು ಶ್ರದ್ಧೆಯಿಂದ ಒತ್ತೋರು." ತೊತ್ಕಾ ಬೂದಿಯ ಬಕೆಟ್ಟು ಎತ್ತಿಕೊಂಡಳು. ಬಾಗಿಲಲ್ಲಿ ನಿಂತು ದನಿ ತಗ್ಗಿಸಿ ಹೇಳಿದಳು: "ಒತ್ತಿ, ಆರಿಸಿ, ಮತ್ತೆ ಹಚ್ಚೋರು. ಕಪ್ಪಾದ ಮೇಲೆ ಟಾರ್ಚ್ ಹಿಡ್ಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತಿರೋರು. ನಾನು ಆ ಕಡೆ ಗುಡಿಸ್ತಾ ಇರ್ಲಿಲ್ಲ, ಧೂಳು ಏಳುತ್ತೆ ಅಂತ."

ಇಸ್ಕ್ರಾ ಒಲೆಯ ಪಕ್ಕದ ಆ ಕುರ್ಚಿಯಲ್ಲಿ ಕೂತಳು. ನಾನು ಟಾರ್ಚ್ ಹಿಡೀತಿದ್ದೆ, ಅವಳು ಮಾಡ್ಕೊಳ್ತಿದ್ಲು. ಅದಕ್ಕೇನೂ ತೊಂದ್ರೆ ಇಲ್ಲ. ಮೊದಲ ದಿನವೇ ಹೇಳಿದ್ದರು. ಇಷ್ಟು ಸ್ಪಷ್ಟವಾಗಿ ಯಾರು ಹೇಳುತ್ತಾರೆ? ಒಂದು ಇಡೀ ಚಳಿಗಾಲ ಕಾಯಿಲೆಯ ಹೆಂಡತಿಯ ಭುಜದ ಹಿಂದೆ ನಿಂತು, ಆಕೆಯ ಕಣ್ಣು ಹೋದಲ್ಲಿಗೆ ಬೆಳಕು ಹಿಡಿದವರು. ಅವರ ಕೈ ಅಷ್ಟು ಚೆನ್ನಾಗಿ ಕಲಿತದ್ದು ಹಾಗೆ. ನಾನು ಬೆಳಕು ಹಚ್ಚಿ ಆ ಕೈಗೆ ಇದ್ದ ಕೆಲಸ ಕಿತ್ತುಕೊಂಡೆ. ಅವರು ಸದ್ದಿಲ್ಲದೆ ಅದನ್ನು ವಾಪಸು ಪಡೆದಾಗಲೆಲ್ಲ ಮತ್ತೆ ಕಿತ್ತುಕೊಂಡೆ. ಕೊನೆಗೆ ಕಾವಲು ಬೇರೆ ಇಟ್ಟೆ.

ಆ ಪದಬಂಧವನ್ನು ನೆನಪಿನಿಂದ ಕಾಗದದ ಮೇಲೆ ಬರೆಯಲಾದೀತೇ ಎಂದು ಆಕೆ ಮನೆಯಲ್ಲಿ ಕೂತು ನೋಡಿದಳು. ಅಷ್ಟು ವಾರ ಅದು ಕಣ್ಣ ಮುಂದೆಯೇ ಇತ್ತು. ನೆನಪಾದದ್ದು ಒಂದೇ ಪದ, ನೆರಳು. ಅದು ಅಡ್ಡಕ್ಕಿತ್ತೋ ಉದ್ದಕ್ಕಿತ್ತೋ ಅದೂ ತಿಳಿಯಲಿಲ್ಲ.

ಶುಕ್ರವಾರ ಬಂದರಿನ ಬೀದಿಯಲ್ಲಿರುವ ವೆಲ್ಕೊ ಮನೆಗೆ ನಡೆದು ಹೋದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಳು. ಅವರು ಅಂಗಳದಲ್ಲಿ ದ್ರಾಕ್ಷಿ ಬಳ್ಳಿಯ ಕೆಳಗೆ ಸ್ಟೂಲ್ ಹಾಕಿಕೊಂಡು ಅಕ್ರೋಟ್ ಒಡೆಯುತ್ತಿದ್ದರು. ಆಕೆಯನ್ನು ಕಂಡು ಎದ್ದು, ಮೊದಲು ಮಡಿಲಿನ ಚಿಪ್ಪುಗಳನ್ನು ಕೊಡವಿ, ಬಟ್ಟಲನ್ನು ಒಳಗಿಟ್ಟು, ಕೈ ತೊಳೆದುಕೊಂಡು ಬಂದರು. ಆಕೆಗಾಗಿ ಬೇರೆ ಕುರ್ಚಿ ತಂದು, ಅದರ ಮೇಲೊಂದು ದಿಂಬು ಇಟ್ಟರು.

ಜೋಡಿಸಿಕೊಂಡ ಮಾತು ಆ ದಿಂಬಿನ ಮೇಲೆ ಕೂತ ಕೂಡಲೇ ಚದುರಿಹೋಯಿತು. ನದಿಯಲ್ಲಿ ನೀರು ಇಳಿದ ಬಗ್ಗೆ ಮಾತಾಡಿದರು. ಮಂಜು ಈ ಸಲ ಬೇಗ ಬಂದ ಬಗ್ಗೆ ಮಾತಾಡಿದರು. ತನ್ನ ಬಳಿ ಇನ್ನೊಂದು ಲ್ಯಾಪ್‌ಟಾಪ್ ಇದೆ, ಬೇಕಾದರೆ ತಂದುಕೊಡುತ್ತೇನೆ ಎಂದು ಇಸ್ಕ್ರಾ ಹೇಳಿದಳು. ತನ್ನ ಕಿವಿಗೇ ಅದು ಕೆಟ್ಟದಾಗಿ ಕೇಳಿಸಿತು.

"ನನಗ್ಯಾಕೆ ಟೀಚರಮ್ಮ, ನಾನೇನು ಬರೀಬೇಕು?" ಎಂದರು ವೆಲ್ಕೊ. ಆಮೇಲೆ ಕೇಳಿದರು: "ಅದನ್ನ ಒರೆಸಿದ್ರಾ?"

"ಹೂಂ."

"ಪೂರ್ತಿ?"

"ಪೂರ್ತಿ. ಏನೂ ಉಳಿದಿಲ್ಲ."

ಅವರು ತಲೆಯಾಡಿಸಿದರು. ಅಂಗಳದ ಕಲ್ಲುಹಾಸಿನ ಸಂದಿಯಲ್ಲಿ ಸಿಕ್ಕಿಕೊಂಡ ಒಂದು ಚಿಪ್ಪನ್ನು ಕಾಲಿನ ತುದಿಯಿಂದ ಎಬ್ಬಿಸಲು ನೋಡಿದರು.

"ಒಳ್ಳೇದಾಯ್ತು. ಪಾವ್ಲಿನಾಗೂ ಚೊಕ್ಕಟ ಅಂದ್ರೆ ಇಷ್ಟ" ಎಂದರು.

ಆಕೆಯನ್ನು ಬೀದಿಯ ತಿರುವಿನವರೆಗೂ ಬಿಟ್ಟು ಬಂದರು. ಕತ್ತಲಾಗಿರಲಿಲ್ಲ, ಆದರೆ ಚರಂಡಿಯ ಮುಚ್ಚಳ ಒಡೆದ ಜಾಗದಲ್ಲಿ ಟಾರ್ಚ್ ತೆಗೆದು ಆಕೆಯ ಕಾಲ ಮುಂದೆ ಬೆಳಕು ಹಿಡಿದರು. ಇಸ್ಕ್ರಾ ಆ ಬೆಳಕನ್ನು ದಾಟಿಕೊಂಡು ಬಂದಳು. ಹೇಳಬೇಕಾದದ್ದನ್ನು ಹೇಳಲಿಲ್ಲ. ಹೇಳಿದ್ದರೆ, ಅವರು ಬಚ್ಚಿಟ್ಟುಕೊಂಡಿದ್ದ ಒಂದೇ ಒಂದು ವಿಷಯವನ್ನೂ ನಾನು ಬಿಚ್ಚಿ ನೋಡಿದೆ ಎಂದು ಹೇಳಿದಂತಾಗುತ್ತಿತ್ತು.

ನವೆಂಬರಿನ ಮೊದಲ ವಾರ ಹಿರಿಯರ ಶನಿವಾರ ಬಂತು. ಅಂದು ಬೆಳಗ್ಗೆ ಊರಿಗೆ ಊರೇ ಗುಡ್ಡದ ಮೇಲಿನ ಸ್ಮಶಾನಕ್ಕೆ ಹತ್ತುತ್ತದೆ. ಬೇಯಿಸಿದ ಗೋಧಿಗೆ ಸಕ್ಕರೆ, ಹುರಿದ ಹಿಟ್ಟು, ಅಕ್ರೋಟ್ ಬೆರೆಸಿ ಲೋಟಗಳಲ್ಲಿ ತುಂಬಿ ಒಯ್ಯುತ್ತಾರೆ. ತಮ್ಮವರ ಗೋರಿಯ ಮೇಲೆ ದೀಪ ಹಚ್ಚಿ, ವೈನ್ ಸುರಿದು, ಅಲ್ಲಿ ಎದುರಾದವರಿಗೆಲ್ಲ ಅದನ್ನು ಹಂಚುತ್ತಾರೆ. ಕೊಡುವವರು ಏನೂ ಹೇಳಬೇಕಾಗಿಲ್ಲ. ತೆಗೆದುಕೊಂಡವರು 'ದೇವರು ಕ್ಷಮಿಸಲಿ' ಎನ್ನಬೇಕು. ಸತ್ತವರ ತಪ್ಪುಗಳನ್ನು ಎಂದು ಅರ್ಥ. ಆದರೆ ಯಾರನ್ನು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಇಸ್ಕ್ರಾ ಅಪ್ಪ ಅಮ್ಮನ ಕಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ದೀಪ ಹಚ್ಚಿದಳು. ತನ್ನ ಗೋಧಿಗೆ ಆಕೆ ಅಕ್ರೋಟ್ ಹಾಕುತ್ತಿರಲಿಲ್ಲ. ಪ್ರತಿವರ್ಷ ಬೇರೆಯವರು ಕೊಟ್ಟ ಲೋಟಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಹೇಳಬೇಕಾದದ್ದನ್ನು ಹೇಳಿ, ಮನೆಗೆ ತಂದು ತೊತ್ಕಾಳಿಗೆ ಕೊಟ್ಟುಬಿಡುತ್ತಿದ್ದಳು.

ಮಂಜು ದಟ್ಟವಾಗಿತ್ತು. ಎರಡು ಸಾಲು ಕೆಳಗೆ ಪಾವ್ಲಿನಾಳ ಹೊಸ ಕಲ್ಲು. ಅದರ ಪಕ್ಕದಲ್ಲಿ ವೆಲ್ಕೊ ಟೋಪಿ ತೆಗೆದು ನಿಂತಿದ್ದರು. ಕಲ್ಲಿನ ಕಟ್ಟೆಯ ಮೇಲಿದ್ದ ತಟ್ಟೆಯಲ್ಲಿ ಲೋಟಗಳು, ಪ್ರತಿಯೊಂದರ ಮೇಲೂ ಅರ್ಧ ಅಕ್ರೋಟ್ ಬಿಳಿ ಸಕ್ಕರೆಯಲ್ಲಿ ಕೂತಿತ್ತು. ಜನ ಬರುತ್ತಿದ್ದರು, ತೆಗೆದುಕೊಳ್ಳುತ್ತಿದ್ದರು, ಆ ಎರಡು ಮಾತು ಹೇಳಿ ಹೋಗುತ್ತಿದ್ದರು. ಒಬ್ಬ ಮುದುಕ, ನಾಲ್ಕು ವರ್ಷದ ಹಿಂದಿನ ಒಂದು ಪದ ಇವತ್ತಿಗೂ ಸಿಕ್ಕಿಲ್ಲ, ಅದಕ್ಕೂ ಸೇರಿಸಿ ಪಾವ್ಲಿನಾಳನ್ನು ದೇವರು ಕ್ಷಮಿಸಲಿ ಎಂದ. ವೆಲ್ಕೊ ಮುಖದಲ್ಲಿ ನಗು ಬಂದು ಹೋಯಿತು.

ಇಸ್ಕ್ರಾಳ ಸರದಿ ಬಂತು. ಆಕೆ ಕೈ ಚಾಚಿದಳು. ವೆಲ್ಕೊ ತಟ್ಟೆಯ ಕಡೆಗೆ ಬಗ್ಗಲಿಲ್ಲ. ಕಲ್ಲಿನ ಹಿಂದೆ, ಗಾಳಿ ತಾಗದ ಕಡೆ ಇಟ್ಟಿದ್ದ ಹೆಣಿಗೆಯ ಚೀಲವನ್ನು ಎತ್ತಿಕೊಂಡು ಅದರ ಬಾಯಿ ಬಿಚ್ಚಿದರು. ಒಳಗೆ ಬೇರೆಯಾಗಿ ಒಂದು ಲೋಟ ಇತ್ತು. ಅದರ ಗೋಧಿಯ ಮೇಲೆ ಅಕ್ರೋಟ್ ಇರಲಿಲ್ಲ. ಒಣದ್ರಾಕ್ಷಿಗಳನ್ನು ಒಂದೊಂದಾಗಿ ಸಾಲಾಗಿ ಒತ್ತಿ, ಎರಡು ಅಡ್ಡ ಗೆರೆ, ಎರಡು ಉದ್ದ ಗೆರೆ ಎಳೆದಿದ್ದರು.

ಅವರು ಲೋಟವನ್ನು ಹೊರಗೆ ತೆಗೆಯಲಿಲ್ಲ. ಚೀಲದ ಬಾಯನ್ನು ಮತ್ತೆ ಸೇರಿಸಿ ಹಾಗೆಯೇ ಆಕೆಯ ಕೈಗಿಟ್ಟರು.

ಉಣ್ಣೆ ಬೆಚ್ಚಗಿತ್ತು.

"ದೇವರು ಕ್ಷಮಿಸಲಿ" ಎಂದಳು ಇಸ್ಕ್ರಾ. ವೆಲ್ಕೊ ತಲೆ ಬಾಗಿಸಿದರು, ಆಮೇಲೆ ಹಿಂದೆ ನಿಂತವರಿಗೆ ಕೊಡಲು ತಟ್ಟೆ ಎತ್ತಿಕೊಂಡರು.